ತಳ್ಳುಗಾಡಿಯನ್ನು ಹೊಗಳುವವರಿಗೆ

ವ್ಯಾಪಾರವು ನಮ್ಮ ಸಮುದಾಯದ ರಕ್ತದಲ್ಲೇ ಇದೆ ಎಂಬ ಮಾತು ವೇದಿಕೆಗಳಲ್ಲಿ ಆಗಾಗ ಕೇಳಿ ಬರುತ್ತದೆ. ಮುಡಬಿಯಿಂದ ಹೈದರಾಬಾದಿಗೋ ಪುಣೆಗೋ ಹೋದ ತರುಣನು ವರ್ಷದೊಳಗೆ ಹಣ್ಣಿನ ಬಂಡಿ ಇಟ್ಟನೆಂದರೆ ನಮಗೆ ಹೆಮ್ಮೆ. ಯಾರ ಮುಂದೆಯೂ ಕೈಚಾಚದೆ ಸ್ವಂತ ಕಾಲ ಮೇಲೆ ನಿಂತ ಎಂದು ಭಾಷಣಕಾರರು ಕೊಂಡಾಡುತ್ತಾರೆ. ಆದರೆ ಅವನು ಬಂಡಿಯ ಹಿಂದೆ ಏಕೆ ನಿಂತನೆಂದು ಕೇಳುವವರಿಲ್ಲ.

ಮಳೆಯನ್ನೇ ನಂಬಿ ತೊಗರಿ, ಉದ್ದು, ಸೋಯಾ ಬೆಳೆಯುವ ಸೀಮೆ ಇದು. ತುಂಡು ಹೊಲವು ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಒಬ್ಬನಾದರೂ ಊರು ಬಿಡಲೇಬೇಕು. ಹಿಂದೆ ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ದುಡಿಯುತ್ತಿದ್ದ ಅನೇಕ ಮುಸ್ಲಿಮ್ ಕುಟುಂಬಗಳು 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಆ ಆಸರೆಯನ್ನು ಕಳಕೊಂಡವು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಂದೀಚೆಗೆ ನಿನ್ನೆಯ ರಾಜಧಾನಿಗೇ ನಮ್ಮವರು ಪರರಾಜ್ಯದವರಾಗಿ ಹೋಗುತ್ತಿದ್ದಾರೆ. ಮಾತು ಅದೇ ದಖನಿ, ಊಟವೂ ಅದೇ. ಇಲ್ಲಿಯ ಮೀಸಲಾತಿ ಪ್ರಮಾಣ ಪತ್ರ ಮಾತ್ರ ಅಲ್ಲಿ ನಡೆಯುವುದಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ನೀಡಿದೆ, ನಿಜ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಅದರಿಂದೇನು ಪ್ರಯೋಜನ?

ದುಡಿಯುವ ಮುಸ್ಲಿಮರಲ್ಲಿ ಶೇ. 61 ಮಂದಿ ಸ್ವಉದ್ಯೋಗಿಗಳೆಂದೂ ಹಿಂದೂಗಳಲ್ಲಿ ಈ ಪ್ರಮಾಣ ಶೇ. 55 ಎಂದೂ 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತು. ಈ ಅಂಕಿಯನ್ನು ಉದ್ಯಮಶೀಲತೆಯ ಪ್ರಮಾಣ ಪತ್ರವೆಂದು ಓದುವವರು, ಸಂಬಳದ ಕೆಲಸಗಳಲ್ಲಿ ಮುಸ್ಲಿಮರ ಪಾಲು ತೀರಾ ಕಡಿಮೆಯೆಂದು ಅದೇ ವರದಿ ಹೇಳಿದ್ದನ್ನೇಕೆ ಓದುವುದಿಲ್ಲ? ಕೆಲಸ ಕೊಡುವವರಿಲ್ಲದಾಗ ಮನುಷ್ಯ ತನಗೆ ತಾನೇ ಕೆಲಸ ಕೊಟ್ಟುಕೊಳ್ಳುತ್ತಾನೆ. ಅದು ಬಾಯಿಗೆ ಬಂದ ಹಸಿವಿನ ಲೆಕ್ಕ.

ಇಂತಹ ಸಂದರ್ಭದಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಘಟನೆಯನ್ನು ಉಲ್ಲೇಖಿಸುವುದು ರೂಢಿ. ಮಕ್ಕಾದಿಂದ ಬರಿಗೈಯಲ್ಲಿ ಬಂದ ಆ ಮುಹಾಜಿರ್ ಮದೀನದ ಮಾರುಕಟ್ಟೆಯ ದಾರಿ ಕೇಳಿದರು, ಗಿಣ್ಣು ಮತ್ತು ತುಪ್ಪ ಮಾರಿ ಬದುಕು ಕಟ್ಟಿಕೊಂಡರು. ಸರಿ, ಆದರೆ ಘಟನೆಯ ಮೊದಲರ್ಧವೆಲ್ಲಿ? ಅನ್ಸಾರಿಯಾದ ಸಅದ್ ಬಿನ್ ರಬೀಅ್(ರ)ರು ತಮ್ಮ ಸಂಪತ್ತಿನ ಅರ್ಧವನ್ನು ಅವರ ಮುಂದಿಟ್ಟಿದ್ದರು. ಬೇಡವೆನ್ನುವ ಘನತೆ ವಲಸಿಗನದ್ದಾಗಿತ್ತು. ಕೊಡುವ ಹೊಣೆ ಊರವರದ್ದಾಗಿತ್ತು. ಪ್ರವಾದಿ(ಸ)ರು ಮದೀನದಲ್ಲಿ ಸ್ಥಾಪಿಸಿದ ಮಾರುಕಟ್ಟೆಯಲ್ಲಿ ಸುಂಕವಿರಲಿಲ್ಲವೆಂಬ ವರದಿಯೂ ಇದೆ. ನಮ್ಮ ತರುಣನಿಗೆ ಸಅದರೂ ಇಲ್ಲ, ಅಂತಹ ಮಾರುಕಟ್ಟೆಯೂ ಇಲ್ಲ.

ಅವನಿಗೆ ಸಿಗುವುದು ಪಗಡಿ ಕೇಳುವ ಮಳಿಗೆ ಮಾಲಕ, ಹಫ್ತಾ ಕೇಳುವ ಬೀದಿ, ಬೆಳಿಗ್ಗೆ ಕೊಟ್ಟು ಸಂಜೆ ಬಡ್ಡಿ ಸಮೇತ ಕಿತ್ತುಕೊಳ್ಳುವ ಲೇವಾದೇವಿಗಾರ. ಬ್ಯಾಂಕಿಗೆ ಹೋದರೆ ಸ್ಥಳೀಯ ಜಾಮೀನು ಬೇಕು. ಕೆಲವು ಬ್ಯಾಂಕುಗಳು ಮುಸ್ಲಿಮ್ ಬಾಹುಳ್ಯದ ಬಡಾವಣೆಗಳನ್ನು ಸಾಲಕ್ಕೆ ತಕ್ಕುದಲ್ಲದ ವಲಯಗಳೆಂದು ಗುರುತಿಸಿವೆಯೆಂಬ ದೂರುಗಳನ್ನು ಸಾಚಾರ್ ಸಮಿತಿಯೇ ದಾಖಲಿಸಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಸಮೀಕ್ಷೆ ಮುಗಿದು ಪ್ರಮಾಣ ಪತ್ರ ವಿತರಣೆಯಾಗುವ ತನಕ ಯಾರನ್ನೂ ಎತ್ತಂಗಡಿ ಮಾಡಬಾರದೆನ್ನುತ್ತದೆ. ನಗರ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕೆನ್ನುತ್ತದೆ. ಸಮೀಕ್ಷೆಯ ದಿನ ತಾಯಿಯ ಕಾಯಿಲೆಗೆಂದು ಊರಿಗೆ ಬಂದವನ ಹೆಸರು ಪಟ್ಟಿಯಲ್ಲಿರುವುದಿಲ್ಲ, ಮತದಾರನಲ್ಲದ ಅವನ ಪರ ಕಾರ್ಪೊರೇಟರ್ ಮಾತಾಡುವುದೂ ಇಲ್ಲ. ಇನ್ನು 2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಿದಾಗ 2002ರ ಧಾರ್ಮಿಕ ದತ್ತಿ ನಿಯಮವನ್ನು ಗುರಾಣಿ ಮಾಡಿಕೊಳ್ಳಲಾಯಿತು. ಹೊರಗಿನಿಂದ ಬಂದವನೆಂಬುದರ ಜೊತೆ ಹೆಸರೂ ಹೊರೆಯಾಗುವ ಕಾಲವಿದು.

ಸರಕಾರವನ್ನು ದೂರಿ ಸುಮ್ಮನಾಗಲು ನಾವು ಸಿದ್ಧರಿಲ್ಲ. ಮುಂಬೈಯ ಉಡುಪಿ ಹೋಟೆಲುಗಳು ಹೇಗೆ ಬೆಳೆದವು? ಮೊದಲು ಹೋದವನು ಊರಿನ ಹುಡುಗನನ್ನು ಕರೆಸಿ, ಮಲಗಲು ಜಾಗ ಕೊಟ್ಟು, ಲೋಟ ತೊಳೆಯುವುದರಿಂದ ಗಲ್ಲಾದವರೆಗೆ ಕಲಿಸಿದ. ಭಟ್ಕಳದ ನವಾಯತರು ಚೆನ್ನೈ, ಕೊಲ್ಕತ್ತಾ, ದುಬೈಗಳಲ್ಲಿ ಬೇರೂರಿದ್ದೂ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತು. ಕೊಲ್ಲಿಯಲ್ಲಿ ಸ್ಥಳೀಯ ಪಾಲುದಾರನಿಲ್ಲದೆ ಅಂಗಡಿ ತೆರೆಯಲಾಗದ ವರ್ಷಗಳಲ್ಲೂ ಆ ಹೆಗಲು ಜಾರಲಿಲ್ಲ. ಬೀದರ್ ಸೀಮೆಯಿಂದ ಹೋದವರಿಗೆ ಅಂತಹ ಆಸರೆ ಕಾಣಸಿಗುವುದು ಅಪರೂಪ. ಇವರು ಒಬ್ಬೊಬ್ಬರಾಗಿ ಹೋಗುತ್ತಾರೆ, ಒಬ್ಬೊಬ್ಬರಾಗಿಯೇ ಮುಳುಗುತ್ತಾರೆ.

ಹಣವಿಲ್ಲವೆನ್ನಬೇಡಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹಲಾಲ್ ಲಾಭದ ಆಸೆಗೆ ಹಣ ತೊಡಗಿಸಿದ್ದ ಸಾವಿರಾರು ಮುಸ್ಲಿಮ್ ಕುಟುಂಬಗಳು ಬೀದಿಗೆ ಬಂದವು. ದುಡಿಯದೆ ಬರುವ ಲಾಭಕ್ಕೆ ಅಷ್ಟು ಹಣ ಹೊರಟಿತು. ಹತ್ತು ಸಾವಿರದ ಬಡ್ಡಿರಹಿತ ಸಾಲ ಕೇಳಿದ ಬಂಡಿಯವನಿಗೆ ಬಡ್ಡಿ ಹರಾಮ್ ಎಂಬ ಉಪದೇಶ ಮಾತ್ರ ದಕ್ಕಿತು. ಝಕಾತ್ ಹಣದಿಂದ ಒಮ್ಮೆ ತಕ್ಕಡಿ, ಬಂಡಿ ಕೊಡಿಸಬಹುದೆಂಬ ಯೋಚನೆ ರಮಝಾನಿನ ಕಿಟ್ ಹಂಚುವ ಸಂಭ್ರಮದಲ್ಲಿ ಮರೆತೇ ಹೋಗುತ್ತದೆ.

ಮಸೀದಿಗಳ ಎದುರಿನ ವಕ್ಫ್ ಮಳಿಗೆಗಳನ್ನು ನೋಡಿ. ತಾತನ ಕಾಲದ ಬಾಡಿಗೆ ಕಟ್ಟಿ, ಒಳಬಾಡಿಗೆಗೆ ಹತ್ತು ಪಟ್ಟು ವಸೂಲು ಮಾಡುವ ಮಹನೀಯರು ನಮ್ಮ ಜಮಾಅತ್‌ಗಳಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಬಸವಕಲ್ಯಾಣದಿಂದ ಹೈದರಾಬಾದಿನವರೆಗೆ ಪ್ರತಿಯೊಂದು ಮಸೀದಿ ಕಮಿಟಿಯೂ ತನ್ನ ಬಾಡಿಗೆದಾರರ ಹೆಸರು, ಬಾಡಿಗೆಯ ಮೊತ್ತ, ಕರಾರು ಮುಗಿಯುವ ದಿನಾಂಕಗಳನ್ನು ಬರುವ ಜುಮಾದೊಳಗೆ ಸೂಚನಾ ಫಲಕದಲ್ಲಿ ಬರೆದು ಹಾಕಲಿ.