ಯಂತ್ರದ ಆಯುಸ್ಸು, ಬರಹದ ಸತ್ಯ

ದೆಹಲಿಯ ಕನ್ನಡಿಗರಿಗೆ ಚಾಣಕ್ಯಪುರಿ ಎಂದರೆ ರಾಯಭಾರ ಕಚೇರಿಗಳಿಗಿಂತ ಮೊದಲು ನೆನಪಾಗುವುದು ಕೌಟಿಲ್ಯ ಮಾರ್ಗದ ಕರ್ನಾಟಕ ಭವನ. ಊರಿನಿಂದ ಬಂದ ಬಂಧುಗಳನ್ನು ಕಾಣಲೆಂದೋ, ಯಾವುದೋ ಕಡತದ ಬೆನ್ನು ಹತ್ತಿಯೋ ಆ ರಸ್ತೆಯಲ್ಲಿ ಓಡಾಡದವರು ನಮ್ಮಲ್ಲಿ ವಿರಳ. ಆ ರಸ್ತೆಯ ಹೆಸರಿಗೂ ಮೈಸೂರಿಗೂ ಹಳೆಯ ಋಣಾನುಬಂಧವಿದೆ. ಶತಮಾನಗಳ ಕಾಲ ಹೆಸರು ಮಾತ್ರವಾಗಿ ಉಳಿದಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಹಸ್ತಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಹೊರಬಂತು.

ಕುಟಿಲ ರಾಜನೀತಿಗೆ ಹೆಸರಾದ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಲೆಕ್ಕಪತ್ರದ ವಿಚಾರ ವಿಸ್ತಾರವಾಗಿ ಬರುತ್ತದೆ. ‘ಅಕ್ಷಪಟಲ’ವೆಂಬ ಲೆಕ್ಕದ ಕಚೇರಿ ಹೇಗಿರಬೇಕು, ಲೆಕ್ಕವನ್ನು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ, ಪಕ್ಷಕ್ಕೊಮ್ಮೆ, ತಿಂಗಳಿಗೊಮ್ಮೆ ಹೇಗೆ ತಾಳೆ ನೋಡಬೇಕು ಎಂಬುದೆಲ್ಲ ಅಲ್ಲಿದೆ. ಅಧಿಕಾರಿಗಳು ಬೊಕ್ಕಸದ ಹಣ ನುಂಗುವ ನಲವತ್ತು ಬಗೆಗಳನ್ನೂ ಕೌಟಿಲ್ಯ ಎಣಿಸಿಕೊಡುತ್ತಾನೆ. ಆ ಪಟ್ಟಿಯ ಮೊದಲಲ್ಲೇ ನಿಂತಿರುವುದು ಕಾಲದ ಕಳ್ಳತನ: ಮೊದಲು ಆದುದನ್ನು ಆಮೇಲೆ ಆದಂತೆ, ಆಮೇಲೆ ಆದುದನ್ನು ಮೊದಲೇ ಆದಂತೆ ಲೆಕ್ಕಕ್ಕೆ ಇಳಿಸುವುದು. 2025ರ ಜುಲೈ ತಿಂಗಳಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಪ್ರಕಟಿಸಿದ ವರದಿಯೊಂದು ಈ ಸಾಲಿಗೆ ಬರೆದ ಹೊಸ ಟೀಕೆಯಂತಿತ್ತು.

ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೌಟಿಲ್ಯ ಮಾರ್ಗದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿಗಿದೆ. ಅದು ಆ ವರ್ಷದ ಮಾರ್ಚ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಗೆ ಗೋಪ್ಯ ಪತ್ರವೊಂದನ್ನು ಕಳಿಸಿತ್ತು. ಏರ್‌ಬಸ್ ಎ320 ವಿಮಾನವೊಂದರ ಎಂಜಿನ್ನಿನಲ್ಲಿ ಕೆಲವು ಭಾಗಗಳನ್ನು ಗೊತ್ತಾದ ಮಿತಿಯೊಳಗೆ ಬದಲಾಯಿಸಬೇಕೆಂದು ಐರೋಪ್ಯ ಸುರಕ್ಷತಾ ಸಂಸ್ಥೆ 2023ರಲ್ಲಿ ಆದೇಶಿಸಿತ್ತು. ಅದು ಮಿತಿಯೊಳಗೆ ಆಗಲಿಲ್ಲ. ಆಯಿತೆಂದು ತೋರಿಸುವುದಕ್ಕಾಗಿ ‘ಅಮೋಸ್’ ತಂತ್ರಾಂಶದಲ್ಲಿನ ದಾಖಲೆಗಳನ್ನು ತಿದ್ದಿದಂತೆ ಕಾಣುತ್ತದೆ ಎಂಬುದು ಪತ್ರದ ಸಾರಾಂಶ. ಸಂಸ್ಥೆ ಲೋಪವನ್ನು ಒಪ್ಪಿಕೊಂಡಿತು. ಮೇಲ್ವಿಚಾರಣೆಯ ತಂತ್ರಾಂಶದಲ್ಲಿ ದಾಖಲೆಗಳನ್ನು ವರ್ಗಾಯಿಸುವಾಗ ದಿನಾಂಕ ತಪ್ಪಿಹೋಯಿತು, ಗೊತ್ತಾದೊಡನೆ ಸರಿಪಡಿಸಲಾಯಿತು ಎಂದಿತು. ಅಧಿಕಾರಿಗಳ ಮೇಲೆ ಕ್ರಮವನ್ನೂ ಕೈಗೊಂಡಿತ್ತು. ಜೂನ್ 12ರ ಅಹಮದಾಬಾದ್ ದುರಂತಕ್ಕೂ ಈ ಪ್ರಕರಣಕ್ಕೂ ಸಂಬಂಧವಿಲ್ಲ. ಇಲ್ಲಿ ಯಾರಿಗೂ ಗಾಯವಾಗಲಿಲ್ಲ. ಆದ್ದರಿಂದಲೇ ಇದನ್ನು ಕುರಿತು ಸಮಾಧಾನದಿಂದ ಯೋಚಿಸುವುದು ಸಾಧ್ಯ, ಯೋಚಿಸಲೂಬೇಕು.

ವಿಮಾನವೆಂಬುದು ಒಂದೇ ವಯಸ್ಸಿನ ಒಂದು ವಸ್ತುವಲ್ಲ. ಅದು ಬೇರೆಬೇರೆ ವಯಸ್ಸಿನವರು ಕೂಡಿ ಬಾಳುವ ಅವಿಭಕ್ತ ಕುಟುಂಬ. ಎಂಜಿನ್ನು, ಅದರೊಳಗಿನ ತಿರುಗುವ ಚಕ್ರಗಳು, ಇಳಿಯುವ ಗಾಲಿಗಳ ಕಾಲುಗಳು, ಪಂಪುಗಳು, ಇವುಗಳಲ್ಲಿ ಮುಖ್ಯವಾದ ಪ್ರತಿಯೊಂದಕ್ಕೂ ತನ್ನದೇ ಸೀರಿಯಲ್ ನಂಬರ್ ಇದೆ, ತನ್ನದೇ ಜಾತಕವಿದೆ. ಈ ಆಯುಸ್ಸನ್ನು ಮೂರು ಬಗೆಯಲ್ಲಿ ಅಳೆಯುತ್ತಾರೆ: ಹಾರಿದ ಗಂಟೆಗಳಿಂದ, ‘ಸೈಕಲ್’ಗಳಿಂದ, ಪಂಚಾಂಗದ ದಿನಗಳಿಂದ. ಒಮ್ಮೆ ಏರಿ ಒಮ್ಮೆ ಇಳಿದರೆ ಒಂದು ಸೈಕಲ್. ಪ್ರತಿ ಹಾರಾಟದ ಕೊನೆಗೆ ಲಾಗ್‌ಬುಕ್ಕಿನಲ್ಲಿ ಬರೆದ ಅಂಕಿ ತಂತ್ರಾಂಶಕ್ಕೆ ಸೇರುತ್ತದೆ. ತಂತ್ರಾಂಶ ಅದನ್ನು ಆ ವಿಮಾನದಲ್ಲಿ ಕೂಡಿಸಿರುವ ಪ್ರತಿಯೊಂದು ಭಾಗದ ಲೆಕ್ಕಕ್ಕೂ ಹಂಚುತ್ತದೆ. ಒಂದು ಭಾಗವನ್ನು ಕಳಚಿ ದುರಸ್ತಿಗೆ ಕಳಿಸಿ, ಆರು ತಿಂಗಳ ನಂತರ ಬೇರೊಂದು ವಿಮಾನಕ್ಕೆ ಜೋಡಿಸಿದರೆ ಅದರ ಲೆಕ್ಕವೂ ಅದರ ಹಿಂದೆಯೇ ಹೋಗಬೇಕು.

ಒಂದೇ ಅಳತೆಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಲೋಹಾ ಏರ್‌ಲೈನ್ಸ್ ವಿಮಾನ ಪ್ರಸಿದ್ಧ ನಿದರ್ಶನ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಆ ಬೋಯಿಂಗ್ 737ರ ಚಾವಣಿಯ ದೊಡ್ಡ ಭಾಗ ಆಕಾಶದಲ್ಲೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಅಂಥ ವಿಮಾನವನ್ನು ತಯಾರಕರು 51,000 ಗಂಟೆ, 75,000 ಸೈಕಲ್‌ಗಳ ಗುರಿಯಿಟ್ಟು ರೂಪಿಸಿದ್ದರು. ಈ ವಿಮಾನ ಹಾರಿದ್ದು 35,000ಕ್ಕೆ ಸ್ವಲ್ಪ ಹೆಚ್ಚು ಗಂಟೆ. ಗಂಟೆಗಳಲ್ಲಿ ಅದು ನಡುವಯಸ್ಸಿನದು. ಆದರೆ ದ್ವೀಪದಿಂದ ದ್ವೀಪಕ್ಕೆ ಅರ್ಧ ಗಂಟೆಯೂ ಹಿಡಿಯದ ಓಡಾಟದಿಂದಾಗಿ ಅದರ ಸೈಕಲ್‌ಗಳು 89,000 ದಾಟಿದ್ದವು. ಆ ಲೆಕ್ಕದಲ್ಲಿ ಅದು ಹಣ್ಣು ಮುದುಕ. ಅಲ್ಲಿ ದಾಖಲೆಯನ್ನು ಯಾರೂ ತಿದ್ದಿರಲಿಲ್ಲ. ಲೋಹದ ದಣಿವನ್ನು ತಪಾಸಣೆ ಗುರುತಿಸಲಿಲ್ಲ, ಅಷ್ಟೆ. ಆದರೂ ಒಂದು ಪಾಠ ಉಳಿಯಿತು. ಲೋಹದ ದಣಿವು ಹೊರಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಎಷ್ಟೋ ಭಾಗಗಳ ವಿಷಯದಲ್ಲಿ ನಮಗಿರುವ ಒಂದೇ ಕಣ್ಣು ಆ ಅಂಕಿ.

ಈ ಕಣ್ಣಿಗೆ ಪೊರೆ ಬರಲು ದುರುದ್ದೇಶವೇ ಬೇಕೆಂದಿಲ್ಲ. ರಾತ್ರಿಪಾಳಿಯಲ್ಲಿ ಒಂದು ಪಂಪನ್ನು ಬದಲಾಯಿಸಿದರೆಂದು ಇಟ್ಟುಕೊಳ್ಳಿ. ಹೊಸದರ ಸೀರಿಯಲ್ ನಂಬರನ್ನು ತಂತ್ರಾಂಶದಲ್ಲಿ ಏರಿಸುವುದು ಮರೆತುಹೋಯಿತು. ಮರುದಿನದಿಂದ ಹಾರಿದ ಗಂಟೆಗಳೆಲ್ಲ ಉಗ್ರಾಣದ ಕಪಾಟಿನಲ್ಲಿ ಮಲಗಿರುವ ಹಳೆಯ ಪಂಪಿನ ಖಾತೆಗೆ ಜಮೆಯಾಗುತ್ತವೆ. ಆಕಾಶದಲ್ಲಿ ದುಡಿಯುತ್ತಿರುವುದು ಮಾತ್ರ ಕಾಗದದಲ್ಲಿ ಚಿರಯುವಕನಾಗಿಯೇ ಉಳಿಯುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟುವಾಗಲೂ ಇದೇ ಅಪಾಯ. ಅಂಗಡಿಯವರು ಹೊಸ ವರ್ಷಕ್ಕೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಹಳೆಯದರ ಬಾಕಿಯನ್ನು ಸಾಲುಸಾಲಾಗಿ ಇಳಿಸಿಕೊಳ್ಳುವಂತೆ, ಇಲ್ಲಿ ಸಾವಿರಾರು ಭಾಗಗಳ ಹಳೆಯ ಆಯುಸ್ಸನ್ನು ಇಳಿಸಿಕೊಳ್ಳಬೇಕು. ಒಂದು ಸಾಲು ಜಾರಿದರೆ ಒಂದು ಗಡುವು ಮಾಯವಾಗುತ್ತದೆ. ಆದ್ದರಿಂದ ವರ್ಗಾವಣೆಯಲ್ಲಿ ತಪ್ಪಿತೆಂಬ ಮಾತನ್ನು ನಾನು ನೆಪವೆಂದು ತಳ್ಳಿಹಾಕಲಾರೆ. ತಪ್ಪುವುದು ಸಹಜ. ಪ್ರಶ್ನೆ ಹುಟ್ಟುವುದು ತಪ್ಪಿದ್ದು ಗೊತ್ತಾದ ಕ್ಷಣದಲ್ಲಿ.

ದಾಖಲೆಯನ್ನು ಕುರಿತ ಅನುಮಾನ ನಮ್ಮ ಸಾಹಿತ್ಯಾಸಕ್ತರಿಗೆ ಹೊಸದೇನಲ್ಲ. ಶಾಸನಶಾಸ್ತ್ರದಲ್ಲಿ ‘ಕೂಟಶಾಸನ’ ಎಂಬ ಮಾತೇ ಇದೆ. ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ಆಮೇಲೆ ಹುಟ್ಟಿಸಿದವು ಎಂದು ಜೆ. ಎಫ್. ಫ್ಲೀಟ್ ವಾದಿಸಿದರು, ಬಿ. ಎಲ್. ರೈಸ್ ಅವುಗಳ ಪರವಾಗಿ ನಿಂತರು. ವಂಶಾವಳಿ ಅಚ್ಚುಕಟ್ಟಾಗಿದ್ದರೂ ಲಿಪಿ ನಂತರದ ಕಾಲದ್ದಾಗಿದ್ದರೆ, ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ ವಿದ್ವಾಂಸರ ಹುಬ್ಬು ಮೇಲೇರುತ್ತದೆ. ವಿಮಾನದ ಭಾಗಗಳಿಗೂ ಇಂಥ ವಂಶಾವಳಿ ಬೇಕು. ಆಯುರ್ಮಿತಿ ನಿಗದಿಯಾದ ಎಂಜಿನ್ ಚಕ್ರವೊಂದು ಹುಟ್ಟಿದ ಕಾರ್ಖಾನೆಯಿಂದ ಈ ದಿನದವರೆಗೆ ಎಲ್ಲೆಲ್ಲಿ, ಯಾವ ಎಂಜಿನ್ನಿನಲ್ಲಿ, ಎಷ್ಟು ಸೈಕಲ್ ದುಡಿಯಿತು ಎಂಬ ಸರಪಳಿ ಎಲ್ಲಿಯೂ ಕಡಿದಿರಬಾರದು. ಕಡಿದರೆ, ನೋಡುವುದಕ್ಕೆ ಎಷ್ಟೇ ಹೊಳೆಯುತ್ತಿರಲಿ, ಅದನ್ನು ಹಾರಾಟಕ್ಕೆ ಬಳಸಲಾಗದು. 2023ರಲ್ಲಿ ಲಂಡನ್ನಿನ ಎಒಜಿ ಟೆಕ್ನಿಕ್ಸ್ ಎಂಬ ಸಂಸ್ಥೆ ನಕಲಿ ಪ್ರಮಾಣಪತ್ರಗಳೊಡನೆ ಎಂಜಿನ್ ಭಾಗಗಳನ್ನು ಮಾರಿದ್ದು ಬೆಳಕಿಗೆ ಬಂದಾಗ, ಹಲವು ದೇಶಗಳ ವಿಮಾನ ಸಂಸ್ಥೆಗಳು ತಮ್ಮ ಎಂಜಿನ್ನುಗಳಲ್ಲಿ ಅವನ್ನು ಹುಡುಕಿ ತೆಗೆಯಬೇಕಾಯಿತು. ಭಾಗ ಚೆನ್ನಾಗಿತ್ತೋ ಇಲ್ಲವೋ ಎಂಬುದು ಆಮೇಲಿನ ಮಾತು. ಜಾತಕ ಸುಳ್ಳಾದ ಮೇಲೆ ಅದನ್ನು ನಂಬುವ ದಾರಿಯೇ ಉಳಿಯಲಿಲ್ಲ.

ಬರೆಯುವ ವಸ್ತುವಿಗೂ ಒಂದು ನೀತಿಯಿದೆ. ಕಲ್ಲಿನ ಮೇಲೆ ತಿದ್ದಿದರೆ ಉಳಿಯ ಗಾಯ ಉಳಿಯುತ್ತದೆ. ಇದ್ದಿಲು, ಹುಣಿಸೆಬೀಜದ ಸರಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರು ಕಡತದಷ್ಟು ಸಲೀಸು. ಆದರೆ ವಿಮಾನದ ಲೆಕ್ಕಕ್ಕೆ ಬೇಕಾದದ್ದು ಕಲ್ಲಿನ ಗುಣ. ವಿಮಾನ ನಿರ್ವಹಣೆಯ ನಿಯಮಗಳೂ ಇದನ್ನೇ ಹೇಳುತ್ತವೆ: ನಮೂದನ್ನು ತಿದ್ದಬೇಕಾಗಿ ಬಂದರೆ ಮೊದಲು ಬರೆದದ್ದು ಏನೆಂಬುದು ಸ್ಪಷ್ಟವಾಗಿ ಕಾಣುವಂತೆಯೇ ತಿದ್ದಬೇಕು. ಒಳ್ಳೆಯ ತಂತ್ರಾಂಶ ಯಾರು, ಯಾವಾಗ, ಏನನ್ನು, ಏನಾಗಿ ಬದಲಿಸಿದರು ಎಂಬುದನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಕೆಲಸ ನಡೆದ ದಿನ ಬೇರೆ, ನಮೂದು ಮಾಡಿದ ದಿನ ಬೇರೆ. ಎರಡಕ್ಕೂ ಅಲ್ಲಿ ಬೇರೆಬೇರೆ ಜಾಗವಿರಬೇಕು.

ಹಾಗಾದರೆ ಇನ್ನೂ ಭದ್ರವಾದ ತಂತ್ರಾಂಶ ತಂದರಾಯಿತಲ್ಲ ಎನ್ನುವವರಿದ್ದಾರೆ. ನನಗೆ ಅದು ಅರ್ಧ ಉತ್ತರವೆನಿಸುತ್ತದೆ. ತಂತ್ರಾಂಶ ತಿದ್ದಿದ ಸುಳ್ಳನ್ನು ಹಿಡಿಯಬಲ್ಲದು; ಮೊದಲ ಸಲವೇ ಬರೆದ ಸುಳ್ಳನ್ನು ಅದು ಸತ್ಯದಷ್ಟೇ ಜೋಪಾನವಾಗಿ ಕಾಪಾಡುತ್ತದೆ. ಪರದೆಯ ಈಚೆಗೆ ಒಬ್ಬ ಮನುಷ್ಯನಿದ್ದಾನೆ. ಗಡುವು ಮೀರಿದ್ದು ಅವನಿಗೆ ಈಗಷ್ಟೇ ಗೊತ್ತಾಗಿದೆ. ಹೇಳಿದರೆ ಬೆಳಗಿನ ವಿಮಾನ ನೆಲ ಹಿಡಿಯುತ್ತದೆ, ಪ್ರಯಾಣಿಕರ ಗಲಾಟೆ, ಮೇಲಧಿಕಾರಿಯ ಸಿಟ್ಟು, ಬಹುಶಃ ನೌಕರಿಗೂ ಸಂಚಕಾರ. ದಿನಾಂಕದ ಒಂದು ಅಂಕಿಯನ್ನು ಬದಲಿಸಿದರೆ ಎಲ್ಲವೂ ಶಾಂತ. ಆ ಕ್ಷಣದಲ್ಲಿ ಅವನು ಏನು ಮಾಡುತ್ತಾನೆ ಎಂಬುದನ್ನು ತೀರ್ಮಾನಿಸುವುದು, ಈ ಹಿಂದೆ ಸತ್ಯ ಹೇಳಿದವರಿಗೆ ಅವನ ಸಂಸ್ಥೆಯಲ್ಲಿ ಏನಾಯಿತು ಎಂಬುದು.

ಇಲ್ಲಿ ಕೌಟಿಲ್ಯನ ಕೈ ಬಿಡಬೇಕಾಗುತ್ತದೆ. ಲೆಕ್ಕದಲ್ಲಿ ಸುಳ್ಳು ಹೇಳಿದವನಿಗೆ ಅವನು ವಿಧಿಸುವುದು ಕಳ್ಳನ ಶಿಕ್ಷೆ, ಅದು ಒಪ್ಪತಕ್ಕದ್ದೇ. ಆದರೆ ತಡವಾಗಿ ಒಪ್ಪಿಕೊಂಡವನಿಗೂ, ಮರೆತದ್ದನ್ನು ಆಮೇಲೆ ನೆನೆದು ಸೇರಿಸಿದವನಿಗೂ ಇಮ್ಮಡಿ ದಂಡ ಎನ್ನುತ್ತಾನೆ. ಬೊಕ್ಕಸಕ್ಕೆ ಇದು ಹೊಂದೀತು. ಹೋದ ಹಣ ಹೋಗಿಯಾಗಿದೆ, ಒಪ್ಪಿಗೆಯಿಂದ ಅದು ಮರಳುವುದಿಲ್ಲ. ವಿಮಾನದ ವಿಷಯದಲ್ಲಿ ನಷ್ಟ ಇನ್ನೂ ಆಗಿಲ್ಲ; ಅದು ಮುಂದಿನ ಹಾರಾಟದಲ್ಲಿ ಕಾದು ಕೂತಿದೆ. ತಡವಾಗಿ ಬಂದ ಸತ್ಯವೂ ಇಲ್ಲಿ ಜೀವ ಉಳಿಸುತ್ತದೆ. ಅದಕ್ಕೆ ಇಮ್ಮಡಿ ದಂಡ ಹಾಕುವ ಸಂಸ್ಥೆ ತನ್ನ ನೌಕರರಿಗೆ ತಿದ್ದುವ ವಿದ್ಯೆಯನ್ನು ತಾನೇ ಕಲಿಸಿದಂತೆ. ಅದೇ ಅಧ್ಯಾಯದ ಕೊನೆಯಲ್ಲಿ, ಸಣ್ಣ ಅಪರಾಧವನ್ನು ದೊರೆ ಸಹಿಸಿಕೊಳ್ಳಬೇಕೆಂದು ಕೌಟಿಲ್ಯನೂ ಮೆತ್ತಗಾಗುತ್ತಾನೆ. ನಮ್ಮ ಕಾಲದ ಆಡಳಿತಗಾರರು ಅವನ ಆ ಮಾತನ್ನು ಹಿಡಿದರೆ ಒಳಿತು.

ಕೆಲವು ದಿನ ತಡವಾದರೆ ಆಕಾಶ ಕಳಚಿ ಬೀಳುತ್ತದೆಯೇ, ಮಿತಿ ಹಾಕುವಾಗಲೇ ಸಾಕಷ್ಟು ಅಂತರ ಬಿಟ್ಟಿರುತ್ತಾರಲ್ಲ ಎಂಬ ಆಕ್ಷೇಪವೂ ಉಂಟು. ಅಂತರ ಬಿಟ್ಟಿರುವುದು ನಿಜ. ಆದರೆ ಅದನ್ನು ಬಿಟ್ಟಿರುವುದು ಲೋಹದ ಅನಿಶ್ಚಯಕ್ಕೆ, ಮನುಷ್ಯನ ಸುಳ್ಳಿಗಲ್ಲ. ಮಿತಿ ಮೀರಿದ್ದು ದಾಖಲಾದರೆ ತಜ್ಞರು ಅಳೆದು, ಪರೀಕ್ಷಿಸಿ ತೀರ್ಮಾನ ಹೇಳಬಲ್ಲರು. ಮೀರಿಯೇ ಇಲ್ಲವೆಂದು ಬರೆದರೆ ಆ ತೀರ್ಮಾನ ಮಾಡಬೇಕಾದವರ ಕಣ್ಣಿಗೇ ಬಟ್ಟೆ ಕಟ್ಟಿದಂತೆ. ಜೊತೆಗೆ, ಒಂದು ದಿನಾಂಕ ಸುಳ್ಳೆಂದು ತಿಳಿದ ಮೇಲೆ ಅದೇ ಕೈ ಬರೆದ ಇನ್ನುಳಿದ ದಿನಾಂಕಗಳನ್ನು ನಂಬುವುದಾದರೂ ಹೇಗೆ?

ಆದ್ದರಿಂದ ಇವೆರಡಕ್ಕೂ ನಡುವೆ ಗಟ್ಟಿಯಾದ ಗೆರೆ ಎಳೆಯಬೇಕೆಂಬುದು ನನ್ನ ಅಭಿಪ್ರಾಯ. ತಡವಾಗಿದೆ ಎಂದು ಬರೆದವನನ್ನು ಶಿಕ್ಷೆಯ ಭಯದಿಂದ ಮುಕ್ತಗೊಳಿಸಬೇಕು. ಅವನು ಬರೆದದ್ದರಿಂದ ವಿಮಾನ ನಿಂತರೆ ಆ ನಷ್ಟ ಸಂಸ್ಥೆಯದಾಗಬೇಕು. ತಡವನ್ನು ಮುಚ್ಚಿ ಬರೆದದ್ದನ್ನು, ಬರೆಯಿಸಿದವರನ್ನೂ ಸೇರಿಸಿ, ಎಂಜಿನ್ನನ್ನೇ ಕೆಡಿಸಿದ ಅಪರಾಧಕ್ಕೆ ಸಮವೆಂದು ಎಣಿಸಬೇಕು. ಡಿಜಿಸಿಎ ತಪಾಸಕರು ಒಂದು ಸಂಸ್ಥೆಯ ದಾಖಲೆಗಳಲ್ಲಿ ತಡವೇ ಇಲ್ಲದ್ದನ್ನು ಕಂಡರೆ ಮೆಚ್ಚುವ ಮೊದಲು ಅನುಮಾನಿಸಲಿ. ಇಷ್ಟೊಂದು ಭಾಗಗಳ, ಇಷ್ಟೊಂದು ಗಡುವುಗಳ ಲೆಕ್ಕದಲ್ಲಿ ಒಂದು ಗೀರೂ ಇಲ್ಲದಿರುವುದು ಸಹಜವಲ್ಲ. ವಂಶಾವಳಿ ತೀರ ಅಚ್ಚುಕಟ್ಟಾದಾಗಲೇ ತಾಮ್ರಪಟವನ್ನು ಬೆಳಕಿಗೆ ಹಿಡಿದು ನೋಡಬೇಕೆಂಬುದನ್ನು ಫ್ಲೀಟ್ ನಮಗೆ ತೋರಿಸಿಕೊಟ್ಟಿದ್ದಾರೆ.

ಹಬ್ಬಕ್ಕೆಂದೋ ಮದುವೆಗೆಂದೋ ವರ್ಷಕ್ಕೆರಡು ಸಲ ಊರಿಗೆ ಹಾರುವ ನಾವು ವಿಮಾನ ತಡವಾದೊಡನೆ ಸಿಡಿಮಿಡಿಗೊಳ್ಳುತ್ತೇವೆ. ‘ತಾಂತ್ರಿಕ ಕಾರಣ’ ಎಂಬ ಸೂಚನೆ ಕೇಳಿದಾಗ ಅದರ ಹಿಂದೆ, ನಿಜವಾದ ಅಂಕಿಯನ್ನೇ ಬರೆದ ಒಬ್ಬ ಎಂಜಿನಿಯರ್ ಇರಬಹುದೆಂದು ನೆನೆಯುವುದು ನಮ್ಮಿಂದಾಗುವ ಸಹಾಯ. ಆ ಎರಡು ಗಂಟೆಯ ಕಾಯುವಿಕೆ ಅವನ ಸತ್ಯಕ್ಕೆ ನಾವು ತೆರುವ ಬೆಲೆ. ತೆರಬೇಕಾದ ಬೆಲೆಯೂ ಹೌದು.