ದ್ರಾಕ್ಷಿ ಸೀಮೆಯ ಸೈಕಲ್ ದಾರಿ ಮತ್ತು ಬೆಟ್ಟದ ನೀರು

ಭಾನುವಾರದ ನಸುಕಿನಲ್ಲಿ ದೇವನಹಳ್ಳಿಯ ಕಡೆಯಿಂದ ನಂದಿಬೆಟ್ಟದತ್ತ ಸಾಗುವ ರಸ್ತೆಯಲ್ಲಿ ಸೈಕಲ್ ಸವಾರರ ಸಾಲು ಕಾಣುತ್ತದೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ತುಳಿದು, ದ್ರಾಕ್ಷಿ ಚಪ್ಪರಗಳ ನಡುವೆ ಹಾದು, ಬುಡದಿಂದ ನೆತ್ತಿಯವರೆಗಿನ ಸುಮಾರು 8 ಕಿ.ಮೀ. ಏರುದಾರಿಯನ್ನು ಏದುಸಿರು ಬಿಡುತ್ತ ಹತ್ತುವವರು ಇವರು. ಹೊಗೆಯಿಲ್ಲ, ಹಾರನ್ನಿನ ಸದ್ದಿಲ್ಲ. ಬೆಟ್ಟಕ್ಕೆ ಬರುವ ಅತಿಥಿಗಳಲ್ಲಿ ಇವರಷ್ಟು ಹಗುರವಾದವರು ಬೇರೆ ಇರಲಾರರು. ಆದರೆ ಅವರ ಬೆನ್ನಿಗೇ ಕಾರು ಮತ್ತು ಮೋಟಾರು ಬೈಕುಗಳ ದೊಡ್ಡ ಸಾಲು ಬರುತ್ತದೆ. ಬೆಟ್ಟದ ಭವಿಷ್ಯವನ್ನು ನಿರ್ಧರಿಸುತ್ತಿರುವುದು ಆ ಎರಡನೆಯ ಸಾಲು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಈ ಸೀಮೆ ವೈನ್ ಉದ್ಯಮದ ಭೂಪಟದಲ್ಲಿ ‘ನಂದಿ ಕಣಿವೆ’ ಎಂದು ಹೆಸರಾಗಿದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿತು. ಇಲ್ಲಿನ ರೈತರು ತಲೆಮಾರುಗಳಿಂದ ಬೆಳೆದ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬೆಳೆಗೆ ಬೆಲೆ ಬಂದರೆ, ತೋಟ ನೋಡಲು ಜನ ಬಂದರೆ ಅದು ಸಂತೋಷದ ಸಂಗತಿಯೇ. ಆದರೆ ಆ ಚಪ್ಪರದ ಹಸಿರಿಗೆ ನೀರು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಪ್ರವಾಸದ ಜಾಹೀರಾತುಗಳು ಕೇಳುವುದಿಲ್ಲ.

ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಲಾರ್ ನದಿಗಳಿಗೆ ನಂದಿಯ ಬೆಟ್ಟಸಾಲು ತವರು. ಅರ್ಕಾವತಿಯ ನೀರನ್ನು 1894ರಿಂದ ಹೆಸರಘಟ್ಟದ ಮೂಲಕ, 1933ರಿಂದ ತಿಪ್ಪಗೊಂಡನಹಳ್ಳಿಯ ಮೂಲಕ ಬೆಂಗಳೂರು ಕುಡಿಯಿತು. ಇಂದು ನೀರಿನ ದಿಕ್ಕೇ ತಿರುಗಿದೆ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ಕೊಳವೆಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಒತ್ತಾಯಿಸುತ್ತಿದ್ದಾರೆ. ಸಾವಿರ ಅಡಿ ಮೀರಿದ ಕೊಳವೆಬಾವಿಗಳು ಇಲ್ಲಿ ಸುದ್ದಿಯಾಗಿ ಉಳಿದಿಲ್ಲ. ಐದು ನದಿಗಳ ತವರು ನಗರದ ಬಚ್ಚಲ ನೀರಿಗೆ ಕೈಯೊಡ್ಡಬೇಕಾಗಿ ಬಂದದ್ದು ವಿಧಿಯ ಆಟವಲ್ಲ. ಕಾಲುವೆಗಳನ್ನು ಮುಚ್ಚಿ, ಗುಡ್ಡಗಳನ್ನು ಒಡೆದು, ಅಂತರ್ಜಲವನ್ನು ಲೆಕ್ಕವಿಲ್ಲದೆ ಎತ್ತಿದುದರ ಫಲ.

ಬೆಟ್ಟ ತನ್ನ ಮಿತಿಯನ್ನು ಈಗಾಗಲೇ ಹೇಳಿದೆ. 2021ರ ಆಗಸ್ಟ್‌ನಲ್ಲಿ ಸುರಿದ ಮಳೆಗೆ ಮಣ್ಣು, ಬಂಡೆಗಳು ಜಾರಿ ನಂದಿಯ ರಸ್ತೆಯೇ ಕೊಚ್ಚಿಹೋಯಿತು. ಕೆಲವು ತಿಂಗಳು ಪ್ರವಾಸಿಗರಿಗೆ ಬಾಗಿಲು ಮುಚ್ಚಬೇಕಾಯಿತು. ಆದರೂ 2023ರ ಮಾರ್ಚ್‌ನಲ್ಲಿ ಇದೇ ಬೆಟ್ಟಕ್ಕೆ ರೋಪ್‌ವೇ ನಿರ್ಮಿಸಲು ಶಂಕುಸ್ಥಾಪನೆ ನಡೆಯಿತು. ಇದರಿಂದ ರಸ್ತೆಯ ಮೇಲಿನ ವಾಹನಗಳು ಕಡಿಮೆಯಾಗುತ್ತವೆ ಎಂಬುದು ಬೆಂಬಲಿಗರ ವಾದ. ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಒಂದು ದಿನಕ್ಕೆ ಎಷ್ಟು ಜನರನ್ನು ಬೆಟ್ಟ ತಾಳಬಲ್ಲದು, ಅವರ ನೀರು ಎಲ್ಲಿಂದ, ಅವರ ಕಸ ಎಲ್ಲಿಗೆ ಎಂಬುದು ಇತ್ಯರ್ಥವಾಗದೆ ಹೊಸ ದಾರಿ ತೆರೆದರೆ, ಹಳೆಯ ದಾರಿಯ ಒತ್ತಡವೂ ಉಳಿದು ಹೊಸದೂ ಸೇರಿಕೊಳ್ಳುತ್ತದೆ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಬೋನ್ ಪಟ್ಟಣದಿಂದ ಸಾಂತನೇ ಊರಿನವರೆಗೆ ದ್ರಾಕ್ಷಿ ತೋಟಗಳ ನಡುವೆ ಸುಮಾರು 20 ಕಿ.ಮೀ. ಸೈಕಲ್ ದಾರಿಯಿದೆ. ಅದಕ್ಕಾಗಿ ಬೆಟ್ಟ ಕಡಿಯಲಿಲ್ಲ. ರೈತರು ತೋಟಕ್ಕೆ ಹೋಗುವ ಹಾದಿಗಳನ್ನೇ ಸವಾರರೊಡನೆ ಹಂಚಿಕೊಂಡರು. ನಂದಿಯ ತಪ್ಪಲಿನಲ್ಲೂ ಬಂಡಿದಾರಿಗಳಿವೆ, ಕೆರೆ ಏರಿಗಳಿವೆ. ಅವುಗಳ ಒತ್ತುವರಿ ತೆರವಾದರೆ ಸವಾರನಿಗೆ ದಾರಿಯೂ ಕೆರೆಗೆ ಬದುಕೂ ಒಟ್ಟಿಗೆ ದೊರೆಯುತ್ತವೆ.

ಇಲ್ಲಿ ಮರೆಯಬಾರದ ಇನ್ನೊಂದು ಮಾತಿದೆ. ಸೈಕಲ್ ಎಂಬುದು ನಗರದವರ ಭಾನುವಾರದ ಹವ್ಯಾಸ ಮಾತ್ರವಲ್ಲ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ, ನಂದಿ ತಪ್ಪಲಿನ ಹಳ್ಳಿಗಳಿಗೂ, ದೂರದ ಮಾನ್ವಿ ಸೀಮೆಯಲ್ಲಿ ತುಂಗಭದ್ರೆಯ ದಂಡೆಗಿರುವ, ವಿಜಯದಾಸರ ಹುಟ್ಟೂರಾದ ಚೀಕಲಪರ್ವಿಯಂಥ ಊರುಗಳಿಗೂ ಅದರ ಅರ್ಥ ಒಂದೇ ಆಗಿತ್ತು: ಹೆಣ್ಣುಮಗಳು ಬಸ್ಸಿಗೆ ಕಾಯದೆ ಪ್ರೌಢಶಾಲೆಗೆ ಹೋಗಬಹುದು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಿತು. ದುಬಾರಿ ಸೈಕಲ್ಲಿನ ಸವಾರನಿಗೆ ಅಪಾಯಕಾರಿಯಾದ ರಸ್ತೆ ಶಾಲೆಯ ಮಗುವಿಗೆ ಇನ್ನೂ ಅಪಾಯಕಾರಿ. ಆದುದರಿಂದ ಸೈಕಲ್ ದಾರಿಯ ಬೇಡಿಕೆ ಮೊದಲು ಹಳ್ಳಿಯದಾಗಬೇಕು, ಆಮೇಲೆ ಪ್ರವಾಸೋದ್ಯಮದ್ದು.

ಆಗಬೇಕಾದುದು ಇಷ್ಟು. ಶನಿವಾರ, ಭಾನುವಾರಗಳಂದು ಬೆಟ್ಟದ ಬುಡದಿಂದ ಮೇಲಕ್ಕೆ ಸಾರಿಗೆ ಬಸ್ಸು, ಸೈಕಲ್ಲು ಮತ್ತು ಕಾಲ್ನಡಿಗೆಗೆ ಮಾತ್ರ ಅವಕಾಶವಿರಲಿ. ವೃದ್ಧರಿಗೂ ಅಂಗವಿಕಲರಿಗೂ ಬಸ್ಸಿನಲ್ಲಿ ಆದ್ಯತೆ ಇರಲಿ. ರೆಸಾರ್ಟುಗಳೂ ವೈನ್ ತಯಾರಿಕಾ ಘಟಕಗಳೂ ತಾವು ಎತ್ತುವ ಅಂತರ್ಜಲದ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ. ಪ್ರವೇಶ ಶುಲ್ಕದ ಒಂದು ಪಾಲು ತಪ್ಪಲಿನ ಪಂಚಾಯಿತಿಗಳ ಕೆರೆಗಳಿಗೆ ಸಲ್ಲಲಿ. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಅದನ್ನು ಕಾಗದದಿಂದ ಬೆಟ್ಟಕ್ಕೆ ಕರೆತರುವ ಕೆಲಸಕ್ಕೆ ವಿದ್ಯಾರ್ಥಿಗಳು ಕೈಜೋಡಿಸಬಹುದು.

ಬೆವರು ಸುರಿಸಿ ಬೆಟ್ಟ ಹತ್ತಿದವನಿಗೆ ಒಂದು ಬಾಟಲಿ ನೀರಿನ ಬೆಲೆ ಗೊತ್ತು. ಅಲ್ಲಿಗೆ ಬರುವ ಎಲ್ಲರಿಗೂ ಆ ಬೆಲೆ ತಿಳಿಯುವಂತಾದರೆ ದ್ರಾಕ್ಷಿ ಚಪ್ಪರವೂ ಉಳಿದೀತು, ದಾರಿಯೂ ಉಳಿದೀತು.