ಆರ್ನೆಮ್ ಲ್ಯಾಂಡ್: ಒಡೆಯರನ್ನು ಕೇಳಿಯೇ ಒಳಗೆ

ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ, ಕಕಾಡು ರಾಷ್ಟ್ರೀಯ ಉದ್ಯಾನದ ಪೂರ್ವ ಅಂಚಿಗೆ ಈಸ್ಟ್ ಅಲಿಗೇಟರ್ ನದಿ ಹರಿಯುತ್ತದೆ. ಕೇಹಿಲ್ಸ್ ಕ್ರಾಸಿಂಗ್ ಎಂಬಲ್ಲಿ ನದಿಗೆ ಅಡ್ಡಲಾಗಿ ತಗ್ಗಿನ ಕಾಂಕ್ರೀಟ್ ದಾರಿ ಹಾಸಲಾಗಿದೆ. ಸಮುದ್ರದ ಭರತ ಏರಿದಾಗ ನೀರು ಆ ದಾರಿಯ ಮೇಲೆ ಉಕ್ಕುತ್ತದೆ, ಮೀನುಗಳು ಅದರೊಂದಿಗೆ ಬರುತ್ತವೆ, ಅವನ್ನು ಹಿಡಿಯಲು ಉಪ್ಪುನೀರಿನ ಮೊಸಳೆಗಳು ಸಾಲುಗಟ್ಟುತ್ತವೆ. ದಡದಲ್ಲಿ ನಿಂತು ಇದನ್ನು ನೋಡಲು ಯಾರಿಗೂ ಅಡ್ಡಿಯಿಲ್ಲ. ನದಿ ದಾಟಿ ಆಚೆ ಹೋಗಲು ಮಾತ್ರ ಗಟ್ಟಿ ಜೀಪು ಮತ್ತು ಧೈರ್ಯ ಇದ್ದರೆ ಸಾಲದು. ಮೂಲನಿವಾಸಿ ಒಡೆಯರ ಪರವಾಗಿ ಕೆಲಸ ಮಾಡುವ ನಾರ್ದರ್ನ್ ಲ್ಯಾಂಡ್ ಕೌನ್ಸಿಲ್‌ನಿಂದ ಮೊದಲೇ ಪಡೆದ ಅನುಮತಿ ಪತ್ರ ಕೈಯಲ್ಲಿರಬೇಕು. ಏಕೆಂದರೆ ಆಚೆ ಇರುವುದು ಆರ್ನೆಮ್ ಲ್ಯಾಂಡ್.

ಸುಮಾರು 97,000 ಚದರ ಕಿಲೋಮೀಟರ್‌ನ ಈ ಪ್ರದೇಶ ಕರ್ನಾಟಕದ ಅರ್ಧದಷ್ಟಿದೆ. ಮಳೆಗಾಲದಲ್ಲಿ ಇಲ್ಲಿನ ಮಣ್ಣಿನ ರಸ್ತೆಗಳು ತಿಂಗಳುಗಟ್ಟಲೆ ಮುಳುಗಿರುತ್ತವೆ. ಜನವಸತಿ ಬಹಳ ವಿರಳ. ಭೂಮಿ ಮಾತ್ರ ಬಿನಿಂಜ್, ಯೋಲ್ಂಗು ಮುಂತಾದ ಮೂಲನಿವಾಸಿ ಕುಲಗಳದ್ದು. ಅವರ ಪರವಾಗಿ ಅದು ಭೂ ಟ್ರಸ್ಟ್‌ಗಳ ಹೆಸರಿನಲ್ಲಿದೆ, ಅದನ್ನು ಮಾರುವಂತಿಲ್ಲ.

ಈ ಅನುಮತಿಯ ಬಗ್ಗೆ ಪ್ರವಾಸಿಗರ ಗೊಣಗಾಟ ಹಳೆಯದು. ನಮ್ಮದೇ ದೇಶದಲ್ಲಿ ಓಡಾಡಲು ಅರ್ಜಿ ಏಕೆ, ನೂರಾರು ಮೈಲಿ ಒಬ್ಬ ಮನುಷ್ಯನೂ ಕಾಣದ ಕಡಲತೀರದಲ್ಲಿ ಯಾರನ್ನು ಕೇಳುವುದು ಎನ್ನುತ್ತಾರೆ. ಕೇಳದೆ ಬಂದವರಿಂದ ಆ ನೆಲದ ಜನ ಏನೇನು ಅನುಭವಿಸಿದ್ದಾರೆಂಬುದನ್ನು ತಿಳಿದವರು ಹೀಗೆ ಗೊಣಗಲಾರರು.

1963ರಲ್ಲಿ ಸರ್ಕಾರ ಆರ್ನೆಮ್ ಲ್ಯಾಂಡ್‌ನ ಗೋವ್ ಪರ್ಯಾಯದ್ವೀಪದ ಭೂಮಿಯನ್ನು ಬಾಕ್ಸೈಟ್ ಗಣಿಗೆ ತೆಗೆದಿರಿಸಿತು. ಅಲ್ಲಿದ್ದವರನ್ನು ಒಂದು ಮಾತೂ ಕೇಳಲಿಲ್ಲ. ಅಲ್ಲಿನ ಯಿರ್ಕಾಲಾದ ಯೋಲ್ಂಗು ಹಿರಿಯರು ತಮ್ಮ ಭಾಷೆಯಲ್ಲೂ ಇಂಗ್ಲಿಷ್‌ನಲ್ಲೂ ಮನವಿ ಬೆರಳಚ್ಚು ಮಾಡಿಸಿ, ತೊಗಟೆಯ ಹಲಗೆಗೆ ಅಂಟಿಸಿ, ಸುತ್ತ ತಮ್ಮ ಕುಲಗಳ ಚಿತ್ತಾರ ಬರೆದು ಸಂಸತ್ತಿಗೆ ಕಳುಹಿಸಿದರು. ಗಣಿ ನಿಲ್ಲಲಿಲ್ಲ. ಮೊಕದ್ದಮೆ ಹೂಡಿದರು. 1971ರಲ್ಲಿ ನ್ಯಾಯಾಧೀಶ ಬ್ಲ್ಯಾಕ್‌ಬರ್ನ್, ಈ ಜನರಿಗೆ ತಮ್ಮದೇ ಆದ ಕಾನೂನು ವ್ಯವಸ್ಥೆ ಇದೆ ಎಂದು ಒಪ್ಪಿಕೊಂಡರೂ ಭೂಮಿಯ ಒಡೆತನವನ್ನು ಎತ್ತಿಹಿಡಿಯಲಿಲ್ಲ. ಆ ಸೋಲಿನ ಬಿಸಿಯಿಂದಲೇ ಮುಂದೆ ವಿಚಾರಣಾ ಆಯೋಗ ಬಂತು, 1976ರಲ್ಲಿ ನಾರ್ದರ್ನ್ ಟೆರಿಟರಿಯ ಮೂಲನಿವಾಸಿ ಭೂಹಕ್ಕು ಕಾಯ್ದೆ ಬಂತು. ಇಂದು ಪ್ರವಾಸಿಗ ತುಂಬುವ ಅರ್ಜಿಯ ಹಿಂದೆ ಇಷ್ಟು ದೊಡ್ಡ ಹೋರಾಟವಿದೆ.

ಅಧಿಕಾರವಿಲ್ಲದ ವಿನಂತಿಗೆ ಎಷ್ಟು ಬೆಲೆ ಎಂಬುದಕ್ಕೆ ಉಲುರು ಸಾಕ್ಷಿ. ಮಧ್ಯ ಆಸ್ಟ್ರೇಲಿಯಾದ ಆ ಕೆಂಪು ಬಂಡೆಯನ್ನು 1985ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿಸಲಾಯಿತು. ಆದರೆ ಅದೇ ದಿನ ಅದನ್ನು 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೇ ವಾಪಸು ಕೊಡಬೇಕಾಯಿತು. ಬಂಡೆ ತಮಗೆ ಪವಿತ್ರ, ದಯವಿಟ್ಟು ಹತ್ತಬೇಡಿ ಎಂದು ಅನಂಗುಗಳು ಫಲಕ ಹಾಕಿ ಬೇಡಿಕೊಂಡರು. ಸರಪಳಿ ಹಿಡಿದು ಹತ್ತುವವರು ಹತ್ತುತ್ತಲೇ ಇದ್ದರು. ಅನಂಗುಗಳೇ ಬಹುಮತದಲ್ಲಿರುವ ಆಡಳಿತ ಮಂಡಳಿ 2017ರಲ್ಲಿ ನಿಷೇಧಕ್ಕೆ ತೀರ್ಮಾನಿಸಿ, 2019ರ ಅಕ್ಟೋಬರ್ 26ರಿಂದ ಅದು ಜಾರಿಯಾದ ಮೇಲಷ್ಟೇ ಏರುವುದು ನಿಂತಿತು. ಅದಕ್ಕೆ ಮುಂಚಿನ ವಾರಗಳಲ್ಲಿ, ಕೊನೆಯದಾಗಿ ಒಮ್ಮೆ ಹತ್ತಿಬಿಡೋಣವೆಂದು ಜನ ಮುಗಿಬಿದ್ದರು. ಆ ದೃಶ್ಯ ನೋಡಿದ ಅನಂಗು ಹಿರಿಯರ ಮನಸ್ಸಿಗೆ ಏನೆನಿಸಿರಬೇಕು!

ಬೇಡ ಎನ್ನುವ ಹಕ್ಕು ಇಲ್ಲದಿದ್ದರೆ ಒಡೆತನ ಕಾಗದದ ಮೇಲಷ್ಟೇ ಉಳಿಯುತ್ತದೆ. ಆರ್ನೆಮ್ ಲ್ಯಾಂಡ್‌ನಲ್ಲಿ ಆ ಹಕ್ಕಿಗೆ ಜೀವವಿದೆ. ಭೂಮಿ ಮತ್ತು ಸಮುದ್ರ ಕೂಡುವ ಭರತ-ಇಳಿತದ ಪಟ್ಟಿಯೂ ಅವರದೇ ಎಂದು 2008ರಲ್ಲಿ ಬ್ಲೂ ಮಡ್ ಬೇ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ತೀರ್ಪಿತ್ತಿತು.

ಹೊರಗಿನವರನ್ನು ಕಂಡರಾಗದ ಜನ ಇವರಲ್ಲ. ಇಂಡೋನೇಷ್ಯಾದ ಮಕಸ್ಸಾರ್‌ನ ನಾವಿಕರು ಬ್ರಿಟಿಷರಿಗಿಂತ ಮೊದಲೇ ಮಾನ್ಸೂನ್ ಗಾಳಿ ಹಿಡಿದು ಸಮುದ್ರ ಸೌತೆ ಎಂಬ ಕಡಲಜೀವಿಗಾಗಿ ಈ ತೀರಕ್ಕೆ ಬರುತ್ತಿದ್ದರು. ತಿಂಗಳುಗಟ್ಟಲೆ ಬೀಡುಬಿಟ್ಟು ಅದನ್ನು ಬೇಯಿಸಿ ಒಣಗಿಸುತ್ತಿದ್ದರು. ಬಟ್ಟೆ, ಕಬ್ಬಿಣ, ತಂಬಾಕು ಕೊಟ್ಟು ಗಾಳಿ ತಿರುಗಿದಾಗ ಮರಳುತ್ತಿದ್ದರು. 1907ರ ಹೊತ್ತಿಗೆ ವಸಾಹತು ಆಡಳಿತವೇ ಈ ಸಂಬಂಧವನ್ನು ಕಡಿಯಿತು. ಅವರು ಬೀಡುಬಿಟ್ಟ ಜಾಗಗಳಲ್ಲಿ ಹುಣಸೆ ಮರಗಳು ಈಗಲೂ ನಿಂತಿವೆ.

ಪ್ರವಾಸಿಗ ನೋಡಲು ಹಂಬಲಿಸುವ ಕಾಡು ತಾನಾಗಿಯೇ ಹಾಗೆ ಉಳಿದದ್ದೂ ಅಲ್ಲ. ಪಶ್ಚಿಮ ಆರ್ನೆಮ್‌ನ ಕಲ್ಲುಗುಡ್ಡಗಳ ಜನ ಮಿಷನ್‌ಗಳಿಗೆ, ಪಟ್ಟಣಗಳಿಗೆ ಹೊರಟುಹೋದ ಮೇಲೆ ಆ ಕಾಡು ಕೆಟ್ಟಿತು. ಒಣಹವೆಯ ಕೊನೆಯಲ್ಲಿ ಭಾರೀ ಕಾಡ್ಗಿಚ್ಚು ಎದ್ದು ಎಲ್ಲವನ್ನೂ ಸುಡತೊಡಗಿತು. ಹಿರಿಯ ಚಿತ್ರಕಾರ ಬಾರ್ದಯಾಲ್ ನಾಡ್ಜಮೆರೆಕ್ ಇಳಿವಯಸ್ಸಿನಲ್ಲಿ ತಮ್ಮ ನೆಲಕ್ಕೆ ಮರಳಿ, ಮಳೆ ನಿಂತ ಸ್ವಲ್ಪ ದಿನಕ್ಕೇ ಹುಲ್ಲಿಗೆ ತಣ್ಣನೆಯ ಬೆಂಕಿ ಇಡುವ ಹಳೆಯ ಕ್ರಮವನ್ನು ಮತ್ತೆ ರೂಢಿಗೆ ತಂದರು. ಆ ಕೆಲಸವನ್ನು ಈಗ ವಾರ್ಡೆಕೆನ್ ರೇಂಜರ್‌ಗಳು ಮುಂದುವರಿಸಿದ್ದಾರೆ. ದೊಡ್ಡ ಬೆಂಕಿ ತಗ್ಗಿ ಹೊಗೆಯ ಅನಿಲಗಳು ಕಡಿಮೆಯಾದುದಕ್ಕೆ ಕಾರ್ಬನ್ ಕ್ರೆಡಿಟ್ ರೂಪದಲ್ಲಿ ಹಣವೂ ಬರುತ್ತಿದೆ.

ಇದನ್ನು ಓದುವ ಕನ್ನಡಿಗರಿಗೆ ಬಿಳಿಗಿರಿರಂಗನ ಬೆಟ್ಟ ನೆನಪಾಗದಿರದು. ಸೋಲಿಗರು ಅಲ್ಲಿ ಇಡುತ್ತಿದ್ದ ತರಗು ಬೆಂಕಿಯ ಉದ್ದೇಶವೂ ಇಂಥದೇ. 1974ರಲ್ಲಿ ವನ್ಯಧಾಮವಾದ ಬಳಿಕ ಅದಕ್ಕೆ ತಡೆ ಬಿತ್ತು, ಕಾಡಿನ ತುಂಬ ಲಂಟಾನ ಹಬ್ಬಿತು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತಾದರೂ ಬೆಂಕಿಯ ವಿಷಯದಲ್ಲಿ ಅವರ ಅರಿವಿಗೆ ಆರ್ನೆಮ್‌ನಲ್ಲಿ ಸಿಕ್ಕ ಮನ್ನಣೆ ಇನ್ನೂ ಸಿಕ್ಕಿಲ್ಲ.

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರು ರಜೆಯಲ್ಲಿ ಉತ್ತರಕ್ಕೆ ಹೊರಟರೆ ನದಿಯಾಚೆಗೂ ಖಂಡಿತ ಹೋಗಬೇಕು. ಮೇಯಿಂದ ಅಕ್ಟೋಬರ್‌ವರೆಗಿನ ಒಣಹವೆ ಇದಕ್ಕೆ ಸೂಕ್ತ. ಅರ್ಜಿಯನ್ನು ವಾರಗಳ ಮೊದಲೇ ಹಾಕಬೇಕು, ಮದ್ಯಕ್ಕೆ ಇರುವ ನಿರ್ಬಂಧ ತಿಳಿದಿರಬೇಕು. ಸಾವು ಅಥವಾ ವಿಧಿಯ ಕಾರಣಕ್ಕೆ ಒಂದು ಪ್ರದೇಶವನ್ನು ದಿಢೀರನೆ ಮುಚ್ಚಿದರೆ ದಾರಿ ಬದಲಿಸಲು ಸಿದ್ಧರಿರಬೇಕು. ಗುನ್‌ಬಲಾನ್ಯಾ ಊರಿನ ಇಂಜಲಾಕ್ ಗುಡ್ಡವನ್ನು ಅಲ್ಲಿಯದೇ ಮಾರ್ಗದರ್ಶಿಯ ಜೊತೆ ಹತ್ತಿದರೆ, ಮೂಳೆ ಕರುಳುಗಳೂ ಕಾಣುವಂತೆ ಬರೆದ ಮೀನುಗಳ ಗುಹಾಚಿತ್ರಗಳನ್ನು ಅವುಗಳ ಕಥೆಯೊಂದಿಗೆ ನೋಡಬಹುದು. ಎಲ್ಲಿ ಕ್ಯಾಮೆರಾ ತೆಗೆಯಬಹುದು, ಎಲ್ಲಿ ಕೂಡದು ಎಂಬುದನ್ನು ಅವರೇ ಹೇಳುತ್ತಾರೆ. ಊರಿನಲ್ಲಿ ಸಮುದಾಯವೇ ನಡೆಸುವ ಕಲಾಕೇಂದ್ರವಿದೆ. ಅಲ್ಲಿ ಬುಟ್ಟಿ, ತೊಗಟೆ ಚಿತ್ರ ಕೊಂಡರೆ ಹಣ ಅದೇ ಊರಿನ ಕಲಾವಿದರಿಗೆ ಮತ್ತು ಕೇಂದ್ರಕ್ಕೆ ಸೇರುತ್ತದೆ.